ಸೆರಗಿನಿಂದ ಬಂದ ಅಡ್ಡಹೆಸರು

ಚೆಂಡು ಬೇಲಿಯ ಮೇಲಿಂದ ಹಾರಿ ನೇರ ನನ್ನ ತಲೆಯತ್ತ ಇಳಿಯುತ್ತಿತ್ತು. ಜರ್ಮನಿಯ ಇಂಗೋಲ್‌ಸ್ಟಾಟ್‌ನ ಬೇಸ್‌ಬಾಲ್ ಮೈದಾನದಲ್ಲಿ ಮಗಳ ಪಂದ್ಯ ನೋಡುತ್ತಿದ್ದ ನಾನು, ಮರದಿಂದ ಉದುರುವ ಮಾವಿನಕಾಯಿ ಹಿಡಿಯುವವಳಂತೆ ಎರಡೂ ಕೈಯಲ್ಲಿ ಸೆರಗು ಹರಡಿದೆ. ಪಿನ್ನು ಕಿತ್ತುಹೋಯಿತು, ಚೆಂಡು ಮಾತ್ರ ಮೆತ್ತಗೆ ಸೆರಗಿನೊಳಗೆ ಬಂದು ಕೂತಿತು!

ಸೀರೆ ಉಟ್ಟು ಬರಬೇಡವೆಂದು ಬೆಳಿಗ್ಗೆಯೇ ಗೋಗರೆದಿದ್ದ ಅನನ್ಯಾ ನಾಚಿಕೆಯಿಂದ ಟೋಪಿಯನ್ನು ಮುಖದ ಮೇಲೆಳೆದುಕೊಂಡಳು. ಅವಳ ತಂಡದ ಹುಡುಗಿಯರೋ, ಓಡಿ ಬಂದು ಆ ಬಟ್ಟೆಯ ಹೆಸರು ಕೇಳಿದರು. “ಸೆರಗು” ಎಂದೆ. ಸ್ವಲ್ಪ ಹೊತ್ತಿಗೆ ಅನನ್ಯಾ ಒಂದು ಕಷ್ಟದ ಚೆಂಡನ್ನು ಓಡಿ ಹಿಡಿದಾಗ ಅವರೆಲ್ಲ “ಸೆರಗು! ಸೆರಗು!” ಎಂದು ಕುಣಿದರು.

ಈಗ ತಂಡದಲ್ಲಿ ಅವಳಿಗೆ ಅದೇ ಅಡ್ಡಹೆಸರು. ಮುಂದಿನ ಪಂದ್ಯಕ್ಕೆ ನಾನು ಪ್ಯಾಂಟ್ ಹಾಕಿ ಹೊರಟರೆ ಬಾಗಿಲಲ್ಲೇ ತಡೆದಳು: “ಇದೇನಮ್ಮ? ಹೋಗಿ ಸೀರೆ ಉಟ್ಕೊಂಡ್ ಬಾ. ಪಿನ್ ಮಾತ್ರ ಹಾಕ್ಬೇಡ!”