ಪಂಚಮಿಯಿಂದ ಪಂಚಮಿಗೆ ಓದಬೇಕಿದ್ದ ಪುಸ್ತಕಗಳು

ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ಸುಳ್ಳು. ಎಪ್ಪತ್ತರ ದಶಕದ ಒಂದು ಸಿಟ್ಟು ನನ್ನೊಳಗೆ ಇನ್ನೂ ಬಿಸಿಯಾಗಿಯೇ ಇದೆ. ಅದು ನೆನಪಾದ ದಿನ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತೇನೆ.

ನನ್ನ ತವರು ಅಳ್ನಾವರ. ಅಲ್ಲಿ ನನ್ನ ಕಾಕಾನದು ಕಿರಾಣಿ ಅಂಗಡಿ. ಪುಡಿಕೆ ಕಟ್ಟಲು ರದ್ದಿ ಕೊಳ್ಳುತ್ತಿದ್ದ. ರದ್ದಿಯಲ್ಲಿ ಕಥೆ, ಕಾದಂಬರಿ ಬಂದರೆ ಹರಿಯಲು ಮನಸ್ಸಾಗದೆ ಬದಿಗಿಡುತ್ತಿದ್ದ. ನನ್ನ ಮದುವೆಗೆ ಬಳಗದವರೆಲ್ಲ ಕೊಡ, ತಂಬಿಗೆ, ಹರಿವಾಣ ಕೊಟ್ಟರೆ ಅವನು ಒಂದು ಟ್ರಂಕಿನ ತುಂಬ ಆ ಪುಸ್ತಕಗಳನ್ನು ಕೊಟ್ಟ. ಕೆಲವಕ್ಕೆ ರಟ್ಟಿಲ್ಲ, ಕೆಲವಕ್ಕೆ ಕೊನೆಯ ಹಾಳೆಗಳಿಲ್ಲ. ಒಂದನ್ನೂ ನಾನು ಓದಿರಲಿಲ್ಲ. ಕುಂದಗೋಳ ತಾಲೂಕಿನ ಹಳ್ಳಿಯೊಂದರ ದೊಡ್ಡ ಮನೆಗೆ ಸೊಸೆಯಾಗಿ ಬಂದೆ. ಟ್ರಂಕು ಮಂಚದ ಕೆಳಗೆ ಹೋಯಿತು, ನಾನು ಅಡುಗೆಮನೆಗೆ ಹೋದೆ.

ನಾಗರ ಪಂಚಮಿಗೆ ತವರಿಗೆ ಹೋದಾಗಲೆಲ್ಲ ಕಾಕಾ ಕೇಳುತ್ತಿದ್ದ, "ಏನೇನ ಓದಿದೆವಾ?" ಮೊದಲ ವರ್ಷ ನಕ್ಕು ಮಾತು ತಪ್ಪಿಸಿದೆ. ಎರಡನೆಯ ವರ್ಷ ನಗು ಬರಲಿಲ್ಲ. ಓದಲು ಬರುವ ಕಣ್ಣುಗಳನ್ನು ಒಲೆಯ ಹೊಗೆಗೆ ಕೊಟ್ಟು ಕೂತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೂರನೆಯ ಪಂಚಮಿ ಬರುವ ಮೊದಲು ಹಟ ಹಿಡಿದೆ. ಈ ಪಂಚಮಿಯಿಂದ ಮುಂದಿನ ಪಂಚಮಿಯೊಳಗೆ ಇಡೀ ಟ್ರಂಕು ಓದಿ ಮುಗಿಸಬೇಕು. ಸುಗ್ಗಿ ಮುಗಿದರೆ ಗಂಡಸರಿಗೆ ಪುರುಸೊತ್ತು. ಹೆಂಗಸರಿಗೆ ಆಗಲೇ ಶ್ಯಾವಿಗೆ, ಹಪ್ಪಳ, ಸಂಡಿಗೆ ಶುರು. ಹಾಗಾಗಿ ನಾನು ಪುರುಸೊತ್ತು ಹುಡುಕಲಿಲ್ಲ, ಕೆಲಸದ ಸಂದಿಗಳನ್ನು ಹುಡುಕಿದೆ. ಶ್ರಾವಣದ ಸಂಜೆ ಮನೆಮಂದಿಯೆಲ್ಲ ಮಠದ ಪುರಾಣಕ್ಕೆ ಹೋಗುತ್ತಾರೆ. ರೊಟ್ಟಿ ಬಡಿಯುವ ನೆಪ ಹೇಳಿ ನಾನು ಉಳಿಯಬಹುದು. ಆಗ ಒಂದು ಕೊಲೆಯ ಕಥೆ. ಜೋಳ ಬಿತ್ತುವ ದಿನಗಳಲ್ಲಿ ಬುತ್ತಿ ಕಟ್ಟುವುದರಲ್ಲೇ ಹೊತ್ತು ಹೋಗುತ್ತದೆ, ಸಣ್ಣ ಕಥೆಗಳು ಸಾಕು. ಕಣದಲ್ಲಿ ಮೆಣಸಿನಕಾಯಿ ಹರವಿ ಕಾಯಲು ಕೂತರೆ ಇಡೀ ಮಧ್ಯಾಹ್ನ ನನ್ನದು, ಅದಕ್ಕೆ ಎಲ್ಲಕ್ಕಿಂತ ದಪ್ಪ ಕಾದಂಬರಿ. ಶ್ಯಾವಿಗೆಯ ತಿಂಗಳಲ್ಲಿ ಕೈಯೆಲ್ಲ ಹಿಟ್ಟು, ಒಮ್ಮೆ ನೋಡಿ ಗುಣುಗುಡಲು ಪದ್ಯಗಳು. ಕೊನೆಯ ಹಾಳೆ ಇಲ್ಲದವು ಕಳೆ ತೆಗೆಸುವ ದಿನಗಳಿಗೆ; ಆಳುಗಳ ಹಿಂದೆ ಹೊಲದಲ್ಲಿ ನಡೆಯುತ್ತ ಕೊನೆಯನ್ನು ನಾನೇ ಕಟ್ಟಿಕೊಳ್ಳಬಹುದು. ಮೇಲಿನಿಂದ ಕೆಳಗೆ ಅದೇ ಕ್ರಮದಲ್ಲಿ ಟ್ರಂಕು ಜೋಡಿಸಿದೆ. ಪಂಚಮಿಗೆ ಹೋಗಿ ಕಾಕಾನಿಗೆ ಎಲ್ಲ ಹೇಳಿದೆ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು.

ತಿರುಗಿ ಬಂದು ಟ್ರಂಕು ತೆರೆದರೆ ಒಳಗೆ ಕೌದಿಗಳು!

"ಅತ್ತೀ, ನನ್ನ ಬುಕ್ಕ ಎಲ್ಲ್ಯದಾವ್ರಿ?" ಎಂದೆ.

ಅತ್ತೆ ಶೇಂಗಾ ಒಡೆಯುತ್ತ ಕೂತಿದ್ದರು. "ಊರಾಗ ವಾಚನಾಲಯ ಆತಲ್ಲವಾ. ಕಪಾಟ ಬಂದಿತ್ತು, ಬುಕ್ಕ ಇರಲಿಲ್ಲ. ಸಾಹೇಬ್ರು ಬರೂ ದಿವಸ ಖಾಲಿ ಕಪಾಟ ತೋರ್ಸಾಕ ಆಕ್ಕೇತೇನು? ನಿಮ್ಮ ಮಾವಾರು ದಾನಾ ಮಾಡಿದ್ರು. ಹಾರಾ ಹಾಕಿದ್ರು ನೋಡವಾ, ಅಗದಿ ದೊಡ್ಡ ಹಾರಾ."

"ಅವು ನನ್ನವ್ರಿ!"

"ಈ ಮನಿಯಾಗ ನಂದು ನಿಂದು ಅಂತ ಐತೇನ? ಕುಂಕುಮ ಹಚ್ಚಿ ದಾನಾ ಕೊಟ್ಟದ್ದನ್ನ ಹೊಳ್ಳಿ ಕೇಳಾಕ ಬರೂದಿಲ್ಲ. ಮನಿಗೆ ಒಳ್ಳೇದಾಗೂದಿಲ್ಲ."

ಮೈಯೆಲ್ಲ ಉರಿದುಹೋಯಿತು. ನಂದು ನಿಂದು ಇಲ್ಲದ ಮನೆಯಲ್ಲಿ ದಾನದ ಹಾರ ಮಾತ್ರ ಒಬ್ಬರ ಕೊರಳಿಗೇ ಬಿದ್ದಿತ್ತು. ಗಂಡನಿಗೆ ಹೇಳಿದೆ. "ಅಪ್ಪನ ಹೆಸರ ಆಗೇತಿ, ಈಗ ರಾದ್ಧಾಂತ ಮಾಡಬ್ಯಾಡ. ಹುಬ್ಬಳ್ಳಿಯಿಂದ ಬ್ಯಾರೆ ತಂದ ಕೊಡ್ತೀನಿ," ಎಂದ. ತರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ವಾಚನಾಲಯವೆಂದರೆ ಚಾವಡಿಯ ಬಾಜೂಕಿನ ಕೋಣೆ. ನಾಲ್ಕು ಜನ ಹಿರಿಯರು ಬೆಂಚಿನ ಮೇಲೆ ಕೂತು ಪೇಪರು ಓದುತ್ತಿದ್ದರು. ಕಪಾಟಿನ ಕೀಲಿ ಮಾವನ ಉಡದಾರದಲ್ಲಿ. ಒಬ್ಬರೂ ಒಂದು ಪುಸ್ತಕ ಮುಟ್ಟಿರಲಿಲ್ಲವೆಂದು ಗಂಡನೇ ನಗುತ್ತ ಹೇಳಿದ. ಆ ನಗು ನನ್ನನ್ನು ಹೊಸಿಲು ದಾಟಿಸಿತು. ನಾನು ಬಿಟ್ಟುಕೊಡುತ್ತಿದ್ದೆನೋ ಏನೋ, ಯಾರಾದರೂ ಓದುತ್ತಿದ್ದರೆ.

ನಮ್ಮ ಮನೆತನದ ಸೊಸೆಯಂದಿರು ಚಾವಡಿಯ ಮುಂದೆ ಹಾಯುತ್ತಿರಲಿಲ್ಲ, ಹಿಂದಿನ ಓಣಿ ಹಿಡಿಯಬೇಕು. ಹಿರಿಯರು ಎದುರಾದರೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯಬೇಕು. ಒಂದು ಹಾಡುಹಗಲು ನಾನು ತಲೆಯ ತುಂಬ ಸೆರಗು ಹೊದ್ದು, ಕಾಲಲ್ಲಿ ಚಪ್ಪಲಿ ಮೆಟ್ಟಿ, ಚಾವಡಿಯ ಮುಂದಿನಿಂದಲೇ ನಡೆದು ವಾಚನಾಲಯಕ್ಕೆ ಹೋದೆ. ಮಾವ ಅಲ್ಲೇ ಇದ್ದರು.

"ಕಪಾಟ ತಗೀರಿ ಮಾವಾರ," ಎಂದೆ.

"ಏನಾತವಾ? ಮನಿಯಾಗ ಏನರ ಆತೇನು?"

"ಏನೂ ಆಗಿಲ್ರಿ. ಓದಾಕ ಬಂದೀನಿ. ಹೆಣ್ಣಮಕ್ಕಳೂ ಓದಬೇಕಂತ ಸಾಹೇಬ್ರ ಮುಂದ ನೀವ ಭಾಷಣ ಮಾಡೀರಂತಲ್ರಿ."

ಅಷ್ಟು ಜನರ ಎದುರಿಗೆ ಇಲ್ಲವೆನ್ನುವಂತಿರಲಿಲ್ಲ. ಕಪಾಟು ತೆರೆದರು. ಅಯ್ಯ ಶಿವನೇ, ಪುಸ್ತಕಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದ್ದರು! ರಟ್ಟಿಲ್ಲದವು ಚಂದ ಕಾಣುವುದಿಲ್ಲವೆಂದು ಹಿಂದೆ ತುರುಕಿದ್ದರು. ಕೊಲೆಯ ಕಥೆ ಹುಡುಕಿ ತೆಗೆದು ಬೆಂಚಿನ ತುದಿಗೆ ಕೂತೆ. ದೊಡ್ಡ ಮನೆಯ ಸೊಸೆ ಕೂತ ಬೆಂಚಿನ ಮೇಲೆ ಪರಗಂಡಸರು ಕೂರುವುದು ಹೇಗೆ? ಒಬ್ಬೊಬ್ಬರೇ ಎದ್ದು ಕೆಮ್ಮುತ್ತ ಹೊರಗೆ ಹೋದರು. ಕೊನೆಗೆ ಮಾವನೂ ಹೋದರು. ನಿಜ ಹೇಳುತ್ತೇನೆ, ಆ ದಿನ ಒಂದಕ್ಷರ ತಲೆಗೆ ಹೋಗಲಿಲ್ಲ. ಆದರೂ ಹೊತ್ತು ಇಳಿಯುವ ತನಕ ಕೂತೆ. ಮರುದಿನವೂ ಹೋದೆ, ಅದರ ಮರುದಿನವೂ.

ಪೇಪರು ಓದಲು ಜಾಗವಿಲ್ಲದೆ ಹಿರಿಯರು ಒದ್ದಾಡಿದರು. ಅತ್ತೆ ನನ್ನೊಡನೆ ಮಾತು ಬಿಟ್ಟರು. ಮಾವ ಮಾತ್ರ ಗದರಲಿಲ್ಲ, ಯೋಚನೆ ಮಾಡುತ್ತಿದ್ದರು. ಕೊಟ್ಟ ದಾನ ಹೊಳ್ಳಿ ತಂದಂತೆಯೂ ಆಗಬಾರದು, ಸೊಸೆ ಚಾವಡಿ ಹತ್ತಿದಂತೆಯೂ ಆಗಬಾರದು. ಅದಕ್ಕೆ ಅವರು ಕಂಡುಕೊಂಡ ದಾರಿ ನೋಡಿರಿ: ಒಂದು ಬೆಳಗ್ಗೆ ಚಕ್ಕಡಿ ಹೂಡಿಸಿ ಕಪಾಟು, ಬೆಂಚು, ಬೋರ್ಡು ಸಮೇತ ವಾಚನಾಲಯವನ್ನೇ ನಮ್ಮ ಪಡಸಾಲೆಗೆ ತಂದು ಇಳಿಸಿದರು! ಬೋರ್ಡು ನಮ್ಮ ತಲೆಬಾಗಿಲ ಮೇಲೆ ಏರಿತು.

ಗೆದ್ದೆ ಅಂದುಕೊಂಡೆ. ಎಂಥ ಹುಚ್ಚಿ ನಾನು! ಪುಸ್ತಕದ ಜೊತೆ ಓದುಗರೂ ಬಂದರು. ಚಾವಡಿಯಲ್ಲಿ ಅವರಿಗೆ ಚಹಾ ಕೊಡುವವರಿರಲಿಲ್ಲ, ಇಲ್ಲಿ ನಾನಿದ್ದೆ. ಬೆಳಗ್ಗೆ ಪೇಪರು ಓದುವವರಿಗೆ ಚಹಾ, ಅದನ್ನು ಕೇಳಿಸಿಕೊಳ್ಳಲು ಬಂದವರಿಗೆ ಚಹಾ, ಮಧ್ಯಾಹ್ನ ರಾಜಕಾರಣದ ಮೇಲೆ ಜಗಳಾಡುವವರಿಗೆ ಚೂಡಾ ಮತ್ತು ಚಹಾ. ಅವರು ಕೂತಿರುವ ತನಕ ಕಪಾಟಿನ ಹತ್ತಿರ ಹೋಗುವಂತಿಲ್ಲ. ಅವರು ಎದ್ದ ಮೇಲೆ ಕಪ್ಪು ಬಸಿ ತೊಳೆಯಬೇಕು. ಶ್ರಾವಣ ಹೋಯಿತು, ಜೋಳ ಬಿತ್ತಿದ್ದಾಯಿತು, ಮೆಣಸಿನಕಾಯಿ ಕಣಕ್ಕೆ ಬಂತು. ಕಣ ಕಾಯಲು ಆಳನ್ನು ಇಟ್ಟರು, ಏಕೆಂದರೆ ಮನೆಯಲ್ಲಿ ಚಹಾಕ್ಕೆ ಸೊಸೆ ಬೇಕಲ್ಲ. ವಾಚನಾಲಯದಿಂದಾಗಿ ಇಡೀ ಊರಲ್ಲಿ ಓದಲು ಹೊತ್ತೇ ಇಲ್ಲದವಳು ನಾನೊಬ್ಬಳೇ. ಆ ಕಾಲದಲ್ಲಿ ನಾನು ಕುದಿಸಿದ ಚಹಾದಲ್ಲಿ ನನ್ನ ಶಾಪ ಎಷ್ಟಿತ್ತೋ, ಕುಡಿದವರ ಹೊಟ್ಟೆಗೇ ಗೊತ್ತು.

ಒಂದು ನಸುಕಿನಲ್ಲಿ ಕಸ ಹೊಡೆಯುವಾಗ ಕಪಾಟು ತೆರೆದೇ ಇತ್ತು. ದಪ್ಪ ಕಾದಂಬರಿಯನ್ನು ಎತ್ತಿಕೊಂಡು ಒಳಗೆ ಹೋದೆ. ರೊಟ್ಟಿ ಮುಗಿಸಿ, ಒಲೆಯ ಬೆಂಕಿ ಹಿಂದಕ್ಕೆಳೆದು, ಗೋಡೆಗೆ ಬೆನ್ನು ಕೊಟ್ಟು ಕೂತೆ. ಓದತೊಡಗಿದೆ. ಈ ಸಲ ಅಕ್ಷರಗಳು ತಲೆಗೆ ಹೋದವು.

ಪಡಸಾಲೆ ತುಂಬಿತು. "ಚಹಾ ಆತೇನವಾ?" ಮಾವ ಕೂಗಿದರು.

"ಇಲ್ರಿ. ಓದಾಕ ಹತ್ತೀನಿ," ಎಂದೆ, ಹೊರಗಿನವರಿಗೆಲ್ಲ ಕೇಳುವಂತೆ.

ಪೇಪರು ಓದುವ ದನಿ ನಿಂತಿತು. ಅತ್ತೆ ದೇವರ ಮುಂದಿನಿಂದ ಎದ್ದು ಬಂದು ನನ್ನನ್ನು ನೋಡಿದರು, ಆರಿದ ಒಲೆಯನ್ನು ನೋಡಿದರು, ತಿರುಗಿ ದೇವರ ಮುಂದೆ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ಬೆಂಚು ಸರಿದ ಸದ್ದು, ಚಪ್ಪಲಿಗಳ ಸದ್ದು. ಆಮೇಲೆ ಮಾವ ಬಂದರು. ಅಡುಗೆಮನೆಯ ಬಾಗಿಲಿಗೆ ಅವರು ಬಂದದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಚೌಕಟ್ಟು ಹಿಡಿದು ನಿಂತರು. ಬೈಯುತ್ತಾರೆ ಅಂದುಕೊಂಡು ನಾನೂ ಮಾತು ಸಿದ್ಧ ಮಾಡಿಕೊಂಡಿದ್ದೆ.

"ಎಷ್ಟೊತ್ತನ ಓದತೀ ಯವ್ವಾ?" ಎಂದರು.

"ಬರೂ ಪಂಚಮಿ ತನಕ್ರಿ," ಎಂದೆ.