ಶಬಾನಾಳ ಬಲಗಾಲ ಹರಡ

ಸಂಶಿ ಎಂಬ ಈ ಊರಿಗೆ ಬಂದ ಮೂರನೇ ದಿನ, ಮಳೆ ಹೊಯ್ದು ಆಗಷ್ಟೇ ನಿಂತಿತ್ತು. ಹತ್ತು ಹೆಜ್ಜೆ ಹಾಕಿದ್ದೆ ಅಷ್ಟೆ. ಚಪ್ಪಲಿಗಳೆರಡೂ ಮಣ್ಣಿನಲ್ಲೇ ಉಳಿದವು, ನಾನು ಮುಂದೆ ಹೋಗಿ ಕುಕ್ಕರಿಸಿದೆ. ಬೆಂಗಳೂರಿನಲ್ಲಿ ಹದಿನೈದು ವರ್ಷ ಬ್ಯಾಲೆ ಕಲಿಸಿದವಳು, ಬೆರಳತುದಿಯ ಮೇಲೆ ನಿಲ್ಲುವುದು ಹೇಗೆಂದು ಮಕ್ಕಳಿಗೆ ಹೇಳಿಕೊಟ್ಟವಳು, ಬಸ್ ಸ್ಟ್ಯಾಂಡಿನ ಎದುರು ನಡೆಯಲಾರದೆ ಕೂತಿದ್ದೆ!

"ಬೆರಳ ಬಿಗಿಹಿಡದ ನಡೀರಿ ಅಕ್ಕಾರ, ಇದು ಎರಿ ಐತಿ," ಎಂದು ಕೈಕೊಟ್ಟು ಎಬ್ಬಿಸಿದವಳು ಶಬಾನಾ, ನಮ್ಮ ಮನೆ ಮಾಲೀಕರ ಮಗಳು, ಆಗ ಹನ್ನೊಂದರ ಹುಡುಗಿ. ಎರಿ ಎಂದರೆ ಇಲ್ಲಿನ ಕರಿಮಣ್ಣು.

ಗಂಡನಿಗೆ ಇಲ್ಲಿನ ಬ್ಯಾಂಕಿಗೆ ವರ್ಗವಾಗಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಪಕ್ಕದವರಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ಇಲ್ಲಿ ಬೀಗ ತೆಗೆಯುವಷ್ಟರಲ್ಲೇ "ಏನ ಮಾಡೀರಿ ಇವತ್ತ ಪಲ್ಲೆ?" ಎಂಬ ವಿಚಾರಣೆ. ಮಾತೆಲ್ಲ ಜಗಳದಂತೆ ಕೇಳುತ್ತಿತ್ತು. ನಾನು ತಟ್ಟಿದ ಮೊದಲ ರೊಟ್ಟಿ ನೋಡಿ ಶಬಾನಾಳ ತಾಯಿ ಹಸೀನಾ, "ಅಗದಿ ಹಪ್ಪಳ ಆತಲ್ರಿ!" ಎಂದು ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು.

ಒಂಟಿತನ ಕಳೆಯಲು ಮೇಲಿನ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿದ ಶಬಾನಾ ಮರುದಿನದಿಂದ ಶಿಷ್ಯೆಯಾದಳು. ಬೆಂಗಳೂರಿನ ಮಕ್ಕಳಿಗಿಲ್ಲದ ಕಸುವು ಅವಳ ಕಾಲಲ್ಲಿತ್ತು. ಆದರೆ ತಪ್ಪೂ ಎರಿಯದೇ. ಜಾರದಿರಲೆಂದು ಬೆರಳು ಮಡಚಿ, ಕಿರುಬೆರಳ ಕಡೆ ಭಾರ ಹಾಕಿ ನಡೆದ ಕಾಲು ಅದು. ಹಿಮ್ಮಡಿ ಎತ್ತಿದೊಡನೆ ಬಲಗಾಲ ಹರಡ, ಅಂದರೆ ಪಾದದ ಗಂಟು, ಹೊರಕ್ಕೆ ವಾಲುತ್ತಿತ್ತು. ಬೆರಳತುದಿಯ ಮೇಲೆ ನಿಲ್ಲಲು ಹಾಕುವ ಗಟ್ಟಿ ಮೂತಿಯ ಪಾಯಿಂಟ್ ಶೂ ತೊಡಬೇಕಾದರೆ ಮೊಣಕಾಲು, ಹರಡ, ಎರಡನೇ ಬೆರಳು ಒಂದೇ ಗೆರೆಯಲ್ಲಿರಬೇಕು. ಬೆರಳು ಮಡಚಬಾರದು, ಉದ್ದಕ್ಕೆ ಚಾಚಿರಬೇಕು. ವಾಲಿದ ಗಂಟಿನ ಮೇಲೆ ಮೈಭಾರವೆಲ್ಲ ಬಿದ್ದರೆ ಉಳುಕುತ್ತದೆ, ಮೂಳೆಯೂ ಮುರಿಯಬಹುದು.

ಹೀಗೆ ಎರಡು ವರ್ಷ ಕಲಿಸಿದ ಮೇಲೆ, ಕಳೆದ ಬೇಸಿಗೆಯಲ್ಲಿ ಗಂಡನಿಗೆ ವಾಪಸು ಬೆಂಗಳೂರಿಗೆ ಆದೇಶ ಬಂತು. ನಾನು ಓಣಿಗೆಲ್ಲ ಪೇಢೆ ಹಂಚಿದೆ. ಅದೇ ಸಂಜೆ ಶಬಾನಾ ಪುಣೆಯ ಅತ್ತೆಯಿಂದ ತರಿಸಿಕೊಂಡ ಹೊಸ ಶೂ ಹಿಡಿದು ಬಂದಳು.

"ನೀವ ಹೋಗೂದ್ರೊಳಗ ಒಂದ ಸಲ ನಿಲ್ಲಸ್ರಿ."

ನಿಲ್ಲಿಸಿ, ಒಂದು ಫೋಟೊ ತೆಗೆದು, ಹೊರಟುಬಿಡಬಹುದಿತ್ತು. ಆಸೆಯೂ ಆಯಿತು. ಬರಿಗಾಲಲ್ಲಿ ಹಿಮ್ಮಡಿ ಎತ್ತಿಸಿ ನೋಡಿದೆ. ಹರಡ ವಾಲಿತು.

"ಇನ್ನೂ ಒಂದು ವರ್ಷ ಬೇಕು," ಎಂದೆ.

"ಒಂದ ವರ್ಷ ಅಂತೀರಿ. ಆವಾಗ ನೋಡಾಕ ಯಾರ ಇರ್ತಾರ್ರಿ?"

"ಸುಮ್ಮನಿರ ಲೇ," ಎಂದು ಅವಳ ಹಿಂದೆಯೇ ಮೇಲೆ ಬಂದಿದ್ದ ಹಸೀನಾ ಗದರಿದರು. ಹುಡುಗಿ ಶೂ ಅಲ್ಲೇ ಬಿಟ್ಟು ಕೆಳಗಿಳಿದು ಹೋದಳು. ಪೇಢೆ ಹಂಚಿದ್ದು ನೆನೆದು ನನಗೆ ನಾಚಿಕೆಯಾಯಿತು.

ಮರುದಿನ ಗಂಡನಿಗೆ, "ನೀವು ಹೋಗಿ, ನಾನು ಒಂದು ವರ್ಷ ಬಿಟ್ಟು ಬರುತ್ತೇನೆ," ಎಂದೆ.

"ಒಂದು ಕಾಲಿನ ಗಂಟಿಗೋಸ್ಕರವಾ?"

"ಹೌದು."

ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುತ್ತೇನೆ. ಯಾರೂ ಏನೂ ಕೇಳದ ಆ ಲಿಫ್ಟಿನಲ್ಲಿ ಉಸಿರು ಕಟ್ಟುತ್ತದೆ. ಇಲ್ಲಿಗೆ ಮರಳಿದ ಮೊದಲ ದಿನ ಅಲ್ಲಿನ ಮನೆಯೇ ಕಣ್ಣಮುಂದೆ.

ಮೊನ್ನೆ ಶಬಾನಾ ಹಿಮ್ಮಡಿ ಎತ್ತಿದಳು. ನೆಲಕ್ಕೆ ಬಗ್ಗಿ ನೋಡಿದೆ. ಹರಡ ಅಲುಗಲಿಲ್ಲ, ಬೆರಳು ಮಡಚಲಿಲ್ಲ.

"ನೆಟ್ಟಗ ಐತೇನ್ರಿ?"

ನೆಟ್ಟಗಿತ್ತು. ಹಾಗೆಂದು ಒಪ್ಪಿಕೊಂಡರೆ ನಾನಿಲ್ಲಿರಲು ಕಾರಣವೇ ಉಳಿಯುವುದಿಲ್ಲ ಎಂದು ಹೆದರಿಕೆಯಾಯಿತು.

"ಇನ್ನೊಂದ ವಾರ ನೋಡೂಣು," ಎಂದೆ.