ಪ್ಲೇಟು ತೆಗೆದಿಡು ಎಂದವಳು ನಾನು

ಬಂಟ್ವಾಳದ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳು, ತರಗತಿಯಲ್ಲಿ ಪುಸ್ತಕದ ಕನ್ನಡ. ನನ್ನ ಕೈಯಲ್ಲಿ ಕಲಿತವರು ಸ, ಶ, ಷ ಮೂರನ್ನೂ ಬೇರೆಬೇರೆಯಾಗಿ ಹೇಳುತ್ತಾರೆ ಎಂಬ ಜಂಬ ನನಗೆ ಬಹಳ ಇತ್ತು.

ಆ ಹುಡುಗಿ ಎಂಟನೇ ತರಗತಿಯಲ್ಲಿದ್ದಳು. ನರಿಕೊಂಬಿನಿಂದ ಬರುತ್ತಿದ್ದಳು. ತಂದೆ ಲಾರಿ ಓಡಿಸುತ್ತಿದ್ದುದರಿಂದ ಮನೆಯಲ್ಲಿ ಇರುತ್ತಿದ್ದುದು ಕಡಿಮೆ. ತಾಯಿ ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದರು. ಪಾಠ ಗಟ್ಟಿಯಾಗಿ ಓದುವವರು ಯಾರು ಎಂದರೆ ಮೊದಲು ಏಳುತ್ತಿದ್ದವಳು ಅವಳೇ. ಬೆಳ್ತಂಗಡಿಯ ಒಂದು ಶಾಲೆಯಲ್ಲಿ ಭಾಷಣ ಸ್ಪರ್ಧೆ ಇದೆ ಎಂದು ತಿಳಿದಾಗ ಬೇರೆ ಯಾರನ್ನು ಕಳಿಸಲಿ ಎಂದು ನಾನು ಯೋಚಿಸಲೇ ಇಲ್ಲ.

ಸ್ಪರ್ಧೆಗೆ ಮೂರು ವಾರ ಇರುವಾಗ, ಒಂದು ಸೋಮವಾರ, ಅವಳು ತುಟಿ ಬಿಗಿದುಕೊಂಡು ಬಂದಳು.

"ಟೀಚರ್, ಬಾಯಿಗೆ ಪ್ಲೇಟು ಹಾಕಿದ್ದಾರೆ."

ಮಾತು ಸ್ಪಷ್ಟವಾಗಿರಲಿಲ್ಲ. ನಿಧಾನವಾಗಿ ವಿವರಿಸಿದಳು. ಮೇಲಿನ ಒಂದು ಕೋರೆಹಲ್ಲು ಅವಳಿಗೆ ಹುಟ್ಟಿಯೇ ಇರಲಿಲ್ಲ. ಆ ಜಾಗದಲ್ಲಿ ಹಾಲುಹಲ್ಲು ಹಾಗೇ ಕೂತಿತ್ತು. ಎಕ್ಸ್-ರೇ ತೆಗೆದಾಗ ಕೋರೆಹಲ್ಲು ಎಲುಬಿನೊಳಗೆ ಓರೆಯಾಗಿ ಮಲಗಿರುವುದು ಕಂಡಿತು. ಮೂಡುಬಿದಿರೆಗೆ ತಿಂಗಳಿಗೊಮ್ಮೆ ಬರುವ ಹಲ್ಲಿನ ಡಾಕ್ಟರು ಹಾಲುಹಲ್ಲನ್ನು ಕಿತ್ತು, ಒಳಗಿನ ಹಲ್ಲಿಗೆ ಇಳಿಯಲು ಜಾಗವಾಗಲಿ ಎಂದು ಬಾಯಿಯ ಅಂಗುಳಕ್ಕೆ ತಂತಿಯ ಪ್ಲೇಟು ಕೊಟ್ಟಿದ್ದರು. ಊಟ ಮಾಡುವಾಗ, ಹಲ್ಲುಜ್ಜುವಾಗ ಬಿಟ್ಟರೆ ಹಗಲೂ ರಾತ್ರಿಯೂ ಅದು ಬಾಯಲ್ಲಿರಬೇಕಿತ್ತು.

"ಜೋರಾಗಿ ಓದ್ತಾ ಇರು, ಹದಿನೈದು ದಿನದಲ್ಲಿ ನಾಲಿಗೆಗೆ ಅಭ್ಯಾಸ ಆಗ್ತದೆ ಅಂತ ಡಾಕ್ಟ್ರು ಹೇಳಿದ್ದಾರೆ ಟೀಚರ್," ಎಂದಳು.

ಹದಿನೈದು ದಿನ ಕಾಯುವ ತಾಳ್ಮೆ ನನಗಿರಲಿಲ್ಲ. ತರಗತಿಯ ಎದುರು ಭಾಷಣದ ಅಭ್ಯಾಸ ಮಾಡಿಸುತ್ತಿದ್ದಾಗ ಅವಳು 'ಸಮಾಜ' ಎಂದದ್ದು 'ಥಮಾಜ' ಎಂದು ಕೇಳಿಸಿತು. ಮೂರು ಸಲ ಹೇಳಿಸಿದೆ. ಮೂರು ಸಲವೂ ಹಾಗೆಯೇ ಬಂತು.

"ಬಾಯಲ್ಲಿ ಚಕ್ಕುಲಿ ಇಟ್ಟುಕೊಂಡಿದ್ದೀಯಾ?" ಎಂದೆ.

ತರಗತಿ ನಕ್ಕಿತು. ನಾನೂ ನಕ್ಕೆ. ಮಧ್ಯಾಹ್ನ ನೀರಿನ ನಳ್ಳಿಯ ಹತ್ತಿರ ಯಾರೋ ಅವಳನ್ನು "ಓ ಚಕ್ಕುಲಿ" ಎಂದು ಕರೆದದ್ದು ನನಗೆ ಕೇಳಿಸಿತು. ಕೇಳಿಸದವಳ ಹಾಗೆ ನಡೆದುಹೋದೆ.

ಮರುದಿನ ಅವಳನ್ನು ವರಾಂಡಕ್ಕೆ ಕರೆದೆ.

"ಅದನ್ನು ತೆಗೀಲಿಕ್ಕೆ ಆಗ್ತದಾ?"

"ಆಗ್ತದೆ ಟೀಚರ್. ಆದ್ರೆ ತೆಗೀಬಾರದು ಅಂತ..."

"ಶಾಲೆಯಲ್ಲಿ ಇರುವಷ್ಟು ಹೊತ್ತು ತೆಗೆದಿಡು. ಸ್ಪರ್ಧೆ ಮುಗಿಯುವ ತನಕ ಮಾತ್ರ. ಅಷ್ಟರಲ್ಲಿ ನಿನ್ನ ಹಲ್ಲು ಎಲ್ಲಿಗೂ ಓಡಿ ಹೋಗುದಿಲ್ಲ."

"ಅಮ್ಮ ಬೈತಾರೆ."

"ಅಮ್ಮನಿಗೆ ಹೇಳ್ಬೇಡ ಮಾರಾಯ್ತಿ."

ಹದಿಮೂರು ವರ್ಷದ ಮಗುವಿಗೆ ಹೀಗೆ ಹೇಳಿದೆ. ಅವಳು ಪ್ಲೇಟನ್ನು ಕರವಸ್ತ್ರದಲ್ಲಿ ಸುತ್ತಿ ಕಂಪಾಸ್ ಪೆಟ್ಟಿಗೆಯಲ್ಲಿ ಇಡತೊಡಗಿದಳು. ಬೆಳ್ತಂಗಡಿಯಲ್ಲಿ ಅವಳಿಗೆ ಮೊದಲ ಬಹುಮಾನ ಬಂತು. ತೀರ್ಪುಗಾರರು ಉಚ್ಚಾರಣೆಯನ್ನು ಹೊಗಳಿದರು. ವೇದಿಕೆಯ ಕೆಳಗೆ ನಿಂತಿದ್ದ ನಾನು ಅದನ್ನು ನನ್ನದೇ ಹೊಗಳಿಕೆ ಎಂದುಕೊಂಡೆ. ಇನ್ನು ಪ್ಲೇಟು ಹಾಕಿಕೋ ಎಂದು ಹೇಳಲು ಮರೆತೇಬಿಟ್ಟೆ.

ಮರೆಯದಿದ್ದವರು ತರಗತಿಯ ಮಕ್ಕಳು. ಅವಳು ಪ್ಲೇಟು ಹಾಕಿಕೊಂಡು ಬಾಯಿ ತೆರೆದರೆ ಸಾಕು, ಅದೇ ಹೆಸರು ಹಿಡಿದು ಕರೆಯುತ್ತಿದ್ದರು. ಹಾಗಾಗಿ ಶಾಲೆಯಲ್ಲಿ ಹಾಕಲಿಲ್ಲ. ದಿನವಿಡೀ ತೆಗೆದಿಟ್ಟದ್ದನ್ನು ಸಂಜೆ ಹಾಕಿದರೆ ಬಿಗಿಯಾಗಿ ನೋಯುತ್ತಿತ್ತು. ಕೊನೆಗೆ ಮನೆಯಲ್ಲಿಯೂ ಬಿಟ್ಟಳು. ನಡುವೆ ಒಂದು ತಿಂಗಳು ಡಾಕ್ಟರು ಬರಲಿಲ್ಲ. ತಾಯಿಗೆ ಗೊತ್ತಾಗುವಾಗ ಎರಡು ತಿಂಗಳು ಕಳೆದಿತ್ತು.

ಒಂದು ಬೆಳಿಗ್ಗೆ ಅವಳ ತಾಯಿ ಮಗಳನ್ನು ಕರೆದುಕೊಂಡು ಶಿಕ್ಷಕರ ಕೊಠಡಿಗೆ ಬಂದರು.

"ಟೀಚರ್, ಇವಳು ಪ್ಲೇಟು ಹಾಕಲೇ ಇಲ್ಲ. ಆದ ಜಾಗ ಪುನಃ ಮುಚ್ಚಿ ಹೋಗಿದೆಯಂತೆ. ಇನ್ನು ವಸಡು ಕೊಯ್ದು, ಒಳಗಿನ ಹಲ್ಲಿಗೆ ಸಣ್ಣ ಸರಪಳಿ ಅಂಟಿಸಿ ಎಳೀಬೇಕಂತೆ. ಯಾಕೆ ಹಾಕ್ಲಿಲ್ಲ ಅಂತ ಕೇಳಿದ್ರೆ ಬಾಯೇ ಬಿಡುದಿಲ್ಲ. ನಿಮ್ಮ ಮಾತಾದ್ರೆ ಕೇಳ್ತಾಳೆ. ಒಂದು ಬುದ್ಧಿ ಹೇಳಿ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಈಗ ನಿಜ ಹೇಳುತ್ತೇನೆ ಎಂದು ಕಾಯುತ್ತಿದ್ದಳು, ಅಷ್ಟೆ. ಪಕ್ಕದ ಮೇಜಿನಲ್ಲಿ ಇಬ್ಬರು ಸಹೋದ್ಯೋಗಿಗಳು ಪೇಪರ್ ತಿದ್ದುತ್ತಿದ್ದರು.

"ಅಮ್ಮ ಇಷ್ಟು ಕಷ್ಟಪಡ್ತಾರೆ. ಡಾಕ್ಟ್ರು ಹೇಳಿದ ಹಾಗೆ ಕೇಳಬೇಕಲ್ವಾ?" ಎಂದೆ.

"ಆಯ್ತು ಟೀಚರ್," ಎಂದು ಅವಳು ತಲೆ ತಗ್ಗಿಸಿದಳು. ತಾಯಿ ನನಗೆ ಕೈ ಮುಗಿದು ಹೋದರು.

ಶಸ್ತ್ರಚಿಕಿತ್ಸೆಯಾಗಿ ನಾಲ್ಕು ದಿನ ಬಿಟ್ಟು ಅವಳು ಶಾಲೆಗೆ ಬಂದಾಗ ತುಟಿ ಇನ್ನೂ ಊದಿಕೊಂಡಿತ್ತು. ಮಧ್ಯಾಹ್ನ ಎಲ್ಲರೂ ಅನ್ನ ಉಣ್ಣುತ್ತಿದ್ದಾಗ ಅವಳು ಗೋಡೆಗೆ ಮುಖ ಮಾಡಿ ಗಂಜಿತಿಳಿ ಕುಡಿಯುತ್ತಿದ್ದಳು. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಶನಿವಾರ ನರಿಕೊಂಬಿಗೆ ಹೋದೆ.

ತಾಯಿ ಮೆಷಿನಿನ ಎದುರು ಕೂತಿದ್ದರು. "ನಿಮಗೆ ಒಂದು ವಿಷಯ ತಿಳಿಸಬೇಕಿತ್ತು," ಎಂದು ಕನ್ನಡದಲ್ಲಿ ಶುರುಮಾಡಿದೆ. ಶಾಲೆಯ ಸುತ್ತೋಲೆ ಓದಿದ ಹಾಗೆ ನನಗೇ ಕೇಳಿಸಿತು. ತುಳುವಿಗೆ ತಿರುಗಿದೆ. ತುಳುವಿನಲ್ಲಿ ಸುತ್ತಿಬಳಸಲು ನನಗೆ ಬರುವುದಿಲ್ಲ. ಚಕ್ಕುಲಿ ಎಂದದ್ದು, ತೆಗೆದಿಡು ಎಂದದ್ದು, ಅಮ್ಮನಿಗೆ ಹೇಳಬೇಡ ಎಂದದ್ದು, ಎಲ್ಲವನ್ನೂ ಹೇಳಿದೆ.

ಅವರು ಹೊಲಿಯುತ್ತಿದ್ದ ಬಟ್ಟೆಯನ್ನು ಬದಿಗಿಟ್ಟರು.

"ನಾನು ಅವಳಿಗೆ ಹೊಡೆದೆ," ಎಂದರು ಆಮೇಲೆ. "ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ, ಅಷ್ಟು ಜನರ ಎದುರು. ಕಳ್ಳಿ ಅಂತ ಬೈದೆ. ಅವಳು ನಿಮ್ಮ ಹೆಸರು ಹೇಳಲೇ ಇಲ್ಲ."

ಅವರು ಮಗಳನ್ನು ಒಳಗಿನಿಂದ ಕರೆದರು.

"ಈಗ ಹೇಳಿದ್ದನ್ನು ಇವಳ ಎದುರು ಹೇಳಿ."

ಮತ್ತೊಮ್ಮೆ ಹೇಳಿದೆ. ತಪ್ಪಾಯಿತು ಎಂದೆ. ಹುಡುಗಿ ಬಾಗಿಲ ದಾರಂದ ಹಿಡಿದು ನಿಂತು, "ಸ್ಪರ್ಧೆ ಆದ ಮೇಲೆ ನಾನೇ ಹಾಕಬಹುದಿತ್ತು ಟೀಚರ್. ನೋಯ್ತದೆ ಅಂತ ಬಿಟ್ಟೆ," ಎಂದಳು. ನನ್ನ ತಪ್ಪಿನಲ್ಲಿ ಪಾಲು ತೆಗೆದುಕೊಳ್ಳಲು ನೋಡುತ್ತಿದ್ದಳು.

"ನೀನು ಸುಮ್ಮನಿರು. ಅದು ಬೇರೆ, ಇದು ಬೇರೆ," ಎಂದರು ತಾಯಿ.

ಸೋಮವಾರ ತರಗತಿಯಲ್ಲಿ, ಆ ಹೆಸರು ಇಟ್ಟವಳು ನಾನು, ಅದು ನನ್ನ ತಪ್ಪು, ಇನ್ನು ಯಾರೂ ಹಾಗೆ ಕರೆಯಬಾರದು ಎಂದೆ. ಮಕ್ಕಳು ಪಿಳಿಪಿಳಿ ನೋಡಿದರು. ಮುಂದಿನ ತಿಂಗಳು ತಾಯಿಯ ಒಪ್ಪಿಗೆ ಕೇಳಿ ಅವರ ಜೊತೆ ಮೂಡುಬಿದಿರೆಗೂ ಹೋಗಿ ಡಾಕ್ಟರಿಗೆ ನಡೆದದ್ದನ್ನು ಹೇಳಿದೆ. "ಪ್ಲೇಟು ಸರಿಯಾಗಿ ಹಾಕಿದ್ರೂ ಕೆಲವು ಹಲ್ಲು ಇಳಿಯುದಿಲ್ಲ, ಕೊಯ್ಯಲೇಬೇಕಾಗ್ತದೆ. ಇವಳದ್ದು ಏನಾಗ್ತಿತ್ತು ಅಂತ ಹೇಳ್ಲಿಕ್ಕಾಗುದಿಲ್ಲ," ಎಂದರು ಅವರು. ವಾಪಸು ಬರುವಾಗ ಸಿದ್ದಕಟ್ಟೆ ದಾಟುವವರೆಗೂ ಬಸ್ಸಿನಲ್ಲಿ ನಾನು ಆ ಮಾತನ್ನೇ ಹಿಡಿದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮುಂದಿನ ಸೀಟಿನಲ್ಲಿ ತಾಯಿಯ ಹೆಗಲಿಗೊರಗಿ ಹುಡುಗಿ ದವಡೆ ಒತ್ತಿ ಹಿಡಿದಿದ್ದಳು; ಆ ದಿನ ಸರಪಳಿಯನ್ನು ಬಿಗಿ ಮಾಡಿದ್ದರು. ನನ್ನ ಸಮಾಧಾನಕ್ಕೆ ನನಗೇ ಹೇಸಿಗೆಯಾಯಿತು.

ಹಲ್ಲು ಇಳಿದು ಸಾಲಿಗೆ ಸೇರುವಾಗ ಅವಳು ಹತ್ತನೇ ತರಗತಿಯಲ್ಲಿದ್ದಳು. ಚೆನ್ನಾಗಿಯೇ ಬಂದಿದೆ. ಈಗ ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಎದುರು ಸಿಕ್ಕಿದರೆ ನಿಂತು ನಗುತ್ತಾಳೆ. ಆದರೆ ಶಾಲೆ ಬಿಡುವ ತನಕ ಯಾವ ಸ್ಪರ್ಧೆಗೂ ಹೆಸರು ಕೊಡಲಿಲ್ಲ. ಒಮ್ಮೆ ಕೇಳಿದ್ದಕ್ಕೆ "ಬೇಡ ಟೀಚರ್" ಎಂದಳು. ಯಾಕೆ ಎಂದು ಕೇಳುವ ಮುಖ ನನಗಿರಲಿಲ್ಲ.

ಅವಳ ತಾಯಿಯೂ ಕಂಡಾಗ ಮಾತಾಡುತ್ತಾರೆ. ಕಳೆದ ವರ್ಷ ರವಿಕೆ ಹೊಲಿಯಲು ಕೊಡುವ ಎಂದು ಬಟ್ಟೆ ಹಿಡಿದುಕೊಂಡು ಹೋಗಿದ್ದೆ. ಮೆಷಿನಿನ ಮೇಲೆ ಕೆಲಸವೇನೂ ಇರಲಿಲ್ಲ. ಅವರು ನನಗೆ ಕೂತುಕೊಳ್ಳಲು ಹೇಳಿ, ಬೆಲ್ಲ ನೀರು ಕೊಟ್ಟು, ಬಟ್ಟೆಯನ್ನು ಮುಟ್ಟದೆ, "ಈಗ ಪುರುಸೊತ್ತಿಲ್ಲ ಟೀಚರ್," ಎಂದರು.